ಪೋಲೆಂಡಿನ ಹೊಸ ಜಾಝ್ ಕೇಳುವ ಬಗೆ

ಪೋಲೆಂಡಿನ ಇಂದಿನ ಜಾಝ್ ಸಂಗೀತಗಾರರಲ್ಲಿ ಅನೇಕರು ಕ್ಲಾರಿನೆಟ್, ಸ್ಯಾಕ್ಸೊಫೋನ್, ಪಿಯಾನೊಗಳ ಪಕ್ಕದಲ್ಲೇ ಸಿಂಥಸೈಜರ್, ನುಡಿಸಿದ್ದನ್ನು ಹಿಡಿದಿಟ್ಟು ಸುತ್ತಿಸುವ ಲೂಪರ್, ಪ್ರತಿಧ್ವನಿಯಂತೆ ತಡವಾಗಿ ಮರಳಿಸುವ ಡಿಲೇಗಳಂಥ ಸಾಧನಗಳನ್ನೂ ಇಟ್ಟುಕೊಂಡು ನುಡಿಸುತ್ತಾರೆ. ಹೀಗೆ ಹುಟ್ಟುವ ಸಂಗೀತದಲ್ಲಿ ಆಯಾ ಕ್ಷಣದಲ್ಲಿ ಹೊಳೆದದ್ದನ್ನು ಅಲ್ಲೇ ನುಡಿಸುವ ಜಾಝ್‌ನ ಮನೋಧರ್ಮವೂ ಇದೆ, ವಾತಾವರಣದಂತೆ ಸುತ್ತ ಹರಡಿಕೊಳ್ಳುವ ಆಂಬಿಯೆಂಟ್ ಸಂಗೀತದ ಆತುರವಿಲ್ಲದ ನಡೆಯೂ ಇದೆ. ಮೊದಲ ಸಲ ಕೇಳುವವರು ಇದನ್ನು ಸಣ್ಣ ದನಿಯಲ್ಲಿ ಹಚ್ಚಿಟ್ಟು ಬೇರೆ ಕೆಲಸದಲ್ಲಿ ತೊಡಗುವುದೇ ಹೆಚ್ಚು. ಹಾಗೆ ಕೇಳಿದರೂ ಹಿತವಾಗಿಯೇ ಇರುತ್ತದೆ, ಆದರೆ ಒಳಗೆ ನಡೆಯುತ್ತಿರುವ ಮಾತುಕತೆ ಕಿವಿಗೆ ಬೀಳುವುದಿಲ್ಲ. ಇಲ್ಲಿ ಯಂತ್ರಕ್ಕೂ ಒಬ್ಬ ವಾದಕನ ಸ್ಥಾನವಿದೆ: ಮನುಷ್ಯ ನುಡಿಸಿದ್ದನ್ನು ಅದು ಹಿಡಿದಿಟ್ಟು, ಬದಲಾಯಿಸಿ ಮರಳಿಸುತ್ತದೆ, ಮರಳಿ ಬಂದದ್ದಕ್ಕೆ ಮನುಷ್ಯ ಮತ್ತೆ ಉತ್ತರ ಕೊಡುತ್ತಾನೆ. ಈ ಕೊಡುಕೊಳ್ಳುವಿಕೆಯನ್ನು ಹಿಂಬಾಲಿಸುವಂತೆ ಕಿವಿಯನ್ನು ಪಳಗಿಸಿಕೊಳ್ಳುವುದು ಹೇಗೆ, ಯಾವ ಆಲ್ಬಮ್‌ಗಳನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಸಾಧನದ ವಿಚಾರದಲ್ಲಿ ಹೇಳಬೇಕಾದದ್ದು ಕಡಿಮೆ. ಮೊಬೈಲ್‌ನ ಒಳಗಿರುವ ಪುಟ್ಟ ಸ್ಪೀಕರ್‌ನಲ್ಲಿ ಕೇಳಬೇಡಿ. ಬೇಸ್ ಕ್ಲಾರಿನೆಟ್‌ನ ತಳದ ಸ್ವರಗಳು 60 ಹರ್ಟ್ಸ್‌ನ ಆಸುಪಾಸಿಗೆ ಇಳಿಯುತ್ತವೆ, ಸಿಂಥಸೈಜರ್‌ನ ಬೇಸ್ ಇನ್ನೂ ಕೆಳಗಿಳಿಯಬಲ್ಲದು. ಅಷ್ಟು ಕೆಳಗಿನ ಧ್ವನಿಯನ್ನು ಮೊಬೈಲ್ ಸ್ಪೀಕರ್ ಹೊರಡಿಸಲಾರದು. ಸಾಧಾರಣ ಬೆಲೆಯ ಹೆಡ್‌ಫೋನ್ ಇದ್ದರೂ ಸಾಕು. ಹಾಡುಗಳನ್ನು ತಾನೇ ಆರಿಸಿ ಕಲಸುವ ಶಫಲ್ ಸೌಲಭ್ಯವನ್ನು ಮಾತ್ರ ಕಡ್ಡಾಯವಾಗಿ ನಿಲ್ಲಿಸಿಡಿ, ಏಕೆಂದರೆ ಈ ಆಲ್ಬಮ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿನಲ್ಲಿ ಕೇಳಲೆಂದೇ ಜೋಡಿಸಿರುತ್ತಾರೆ.

ಎಲ್ಲಿಂದ ತೊಡಗಬೇಕು?

ಇತಿಹಾಸದ ಕ್ರಮದಲ್ಲಿ, ಅಂದರೆ 1950ರ ದಶಕದಿಂದ ಇತ್ತ ಬರುವುದು ಹಲವರಿಗೆ ಸಹಜವೆನಿಸಬಹುದು. ನಾನು ಅದನ್ನು ಸೂಚಿಸುವುದಿಲ್ಲ. ಕ್ಲಾರಿನೆಟ್ ವಾದಕ ವಾತ್ಸ್ವಾಫ್ ಜಿಂಪೆಲ್ 2016ರಲ್ಲಿ ಹೊರತಂದ ‘ಲೈನ್ಸ್’ ಎಂಬ ಏಕವ್ಯಕ್ತಿ ಆಲ್ಬಮ್‌ನಿಂದ ಆರಂಭಿಸಿ. ಆಲ್ಟೊ ಕ್ಲಾರಿನೆಟ್, ಆರ್ಗನ್, ಲಾವೋಸ್‌ನ ಬಿದಿರುಕೊಳವೆಯ ಬಾಯಿವಾದ್ಯವಾದ ಖೇನ್ ಮುಂತಾದ ವಾದ್ಯಗಳನ್ನು ಇದರಲ್ಲಿ ಅವರೇ ಒಂದರ ಮೇಲೊಂದು ಪದರವಾಗಿ ನುಡಿಸಿದ್ದಾರೆ. ಪದರಗಳು ಒಂದೊಂದಾಗಿ ಸೇರುವುದರಿಂದ ಸಂಗೀತ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ಹೊಸ ಕೇಳುಗನಿಗೂ ಬಿಡಿಸಿಟ್ಟಂತೆ ಕಾಣುತ್ತದೆ. ಮುಂದೆ ಬರುವ ಎಲ್ಲವನ್ನೂ ಕೇಳಲು ಬೇಕಾದ ತರಬೇತಿ ಇಲ್ಲೇ ಸಿಗುತ್ತದೆ.

ಲೂಪ್ ಎಂಬುದರ ಒಳಗುಟ್ಟನ್ನು ಮೊದಲು ತಿಳಿದಿರಬೇಕು. ವಾದಕ ಐದು ಎಣಿಕೆಯ ಒಂದು ತುಣುಕನ್ನು ನುಡಿಸಿ ಲೂಪರ್‌ನಲ್ಲಿ ಹಿಡಿದಿಡುತ್ತಾನೆ ಎಂದುಕೊಳ್ಳಿ. ಕಾಲಿನ ಗುಂಡಿ ಒತ್ತಿದೊಡನೆ ಅದು ತಾನಾಗಿ ಸುತ್ತತೊಡಗುತ್ತದೆ. ಅದರ ಮೇಲೆ ಏಳು ಎಣಿಕೆಯ ಇನ್ನೊಂದು ತುಣುಕನ್ನು ಕೂಡಿಸುತ್ತಾನೆ. ಎರಡೂ ಒಂದೇ ಎಡೆಯಿಂದ ಹೊರಟರೂ ಆರನೆಯ ಎಣಿಕೆಗೇ ಬೇರ್ಪಡುತ್ತವೆ, 35 ಎಣಿಕೆ ಕಳೆದ ಮೇಲಷ್ಟೇ ಮತ್ತೆ ಒಂದೆಡೆ ಕೂಡುತ್ತವೆ. ಖಂಡ ಮತ್ತು ಮಿಶ್ರ ಎಣಿಕೆಗಳನ್ನು ಬಲ್ಲವರಿಗೆ ಈ ಲೆಕ್ಕ ಹೊಸದಲ್ಲ. ಎರಡೇ ತುಣುಕುಗಳು, ಆದರೆ ಅವು ಪರಸ್ಪರ ಎದುರಾಗುವ ಜಾಗ ಪ್ರತಿ ಸುತ್ತಿನಲ್ಲೂ ಬೇರೆಯಾಗುವುದರಿಂದ ಯಾರೂ ನುಡಿಸದೆ ಇದ್ದ ಹೊಸ ಸ್ವರಗುಚ್ಛಗಳು ಕೇಳಿಬರುತ್ತವೆ. ಇವುಗಳ ಮೇಲೆ ಕ್ಲಾರಿನೆಟ್ ಬಿಡುಬೀಸಾಗಿ ಸಂಚರಿಸುತ್ತದೆ.

ಇಂಥ ರಚನೆಯನ್ನು ಕೇಳುವಾಗ ಮೊದಲ ಲೂಪನ್ನು ಬೆರಳಲ್ಲಿ ಎಣಿಸುತ್ತಾ ಹೋಗಿ. ಎಣಿಕೆ ಪ್ರಯತ್ನವಿಲ್ಲದೆ ನಡೆಯತೊಡಗಿದ ಮೇಲೆ ಗಮನವನ್ನು ಎರಡನೆಯ ಲೂಪಿಗೆ ಸರಿಸಿ. ಅದೂ ಹಿಡಿತಕ್ಕೆ ಬಂದ ಮೇಲೆ ಎರಡನ್ನೂ ಬಿಟ್ಟು ಜೀವಂತವಾಗಿ ನುಡಿಯುತ್ತಿರುವ ದನಿಯನ್ನಷ್ಟೇ ಅನುಸರಿಸಿ. ಯಾವುದು ಲೂಪ್, ಯಾವುದು ಈಗ ನುಡಿಸುತ್ತಿರುವುದು ಎಂಬ ಗೊಂದಲ ಬಂದರೆ ಉಸಿರನ್ನು ಗಮನಿಸಿ. ಲೂಪಿನಲ್ಲಿ ವಾದಕ ಉಸಿರೆಳೆದ ಸದ್ದು, ಕ್ಲಾರಿನೆಟ್‌ನ ಕೀಲಿ ಬಡಿದ ಸಣ್ಣ ಟಕ್ ಎಂಬ ಶಬ್ದ, ಇವು ಪ್ರತಿ ಸುತ್ತಿನಲ್ಲೂ ಕೂದಲೆಳೆಯಷ್ಟೂ ಬದಲಾಗದೆ ಅದೇ ಜಾಗದಲ್ಲಿ ಮರುಕಳಿಸುತ್ತವೆ. ಮನುಷ್ಯನೇ ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸಿದರೆ ಒಂದು ಸ್ವರ ತುಸು ಮೊದಲೋ ತಡವಾಗಿಯೋ, ತುಸು ಗಟ್ಟಿಯಾಗಿಯೋ ಮೆಲ್ಲಗೋ ಬಂದೇ ಬರುತ್ತದೆ. ಈ ವ್ಯತ್ಯಾಸ ಒಮ್ಮೆ ಕಿವಿಗೆ ಸಿಕ್ಕಿತೆಂದರೆ ಇಡೀ ಸಂಗೀತ ಪಾರದರ್ಶಕವಾಗುತ್ತದೆ, ಮತ್ತು ಅದು ನಿಜಕ್ಕೂ ಸಂತೋಷ ಕೊಡುವ ಗಳಿಗೆ.

ಇದರ ಬೆನ್ನಿಗೇ ಕೇಳಬೇಕಾದದ್ದು ಸಾಗರ ತಂಡವನ್ನು. ಇದರಲ್ಲಿ ಜಿಂಪೆಲ್ ಜೊತೆಗೆ ಕರ್ನಾಟಕ ಸಂಗೀತದ ಕಲಾವಿದರು ನುಡಿಸುತ್ತಾರೆ: ಘಟದಲ್ಲಿ ಗಿರಿಧರ ಉಡುಪ, ಖಂಜಿರದಲ್ಲಿ ಭಾರ್ಗವ ಹಾಲಂಬಿ, ತವಿಲಿನಲ್ಲಿ ಕೆ. ರಾಜ, ಪಿಟೀಲಿನಲ್ಲಿ ಮೈಸೂರು ಕಾರ್ತಿಕ್. ಮೊದಲ ಆಲ್ಬಮ್ 2015ರಲ್ಲಿ ಬಂದಾಗ ಅದು ಬಹುತೇಕ ವಾದ್ಯಗಳ ಸಹಜ ಧ್ವನಿಯಲ್ಲೇ ಇತ್ತು. 2017ರ ‘2’ರಲ್ಲಿ ಎಲೆಕ್ಟ್ರಾನಿಕ್ ಧ್ವನಿಗಳು ಸೇರಿಕೊಂಡವು, 2024ರ ‘3’ರಲ್ಲಿ ಅವುಗಳ ಪಾಲು ಇನ್ನೂ ಹಿರಿದಾಯಿತು. ಮೂರನ್ನೂ ಇದೇ ಕ್ರಮದಲ್ಲಿ ಕೇಳಿದರೆ ಒಂದೇ ತಂಡದೊಳಗೆ ಯಂತ್ರ ಹೇಗೆ ಹಂತಹಂತವಾಗಿ ಜಾಗ ಪಡೆಯಿತು ಎಂಬುದು ಸ್ಪಷ್ಟವಾಗುತ್ತದೆ. ಪೂರ್ವ ಪಶ್ಚಿಮಗಳ ಬೆಸುಗೆ ಎಂದು ಹೊಗಳಿ ಸುಮ್ಮನಾಗುವಂಥ ಪ್ರಯೋಗಗಳು ಸಾಕಷ್ಟಿವೆ. ಸಾಗರ ಅವುಗಳಿಗಿಂತ ಬಹಳ ಎತ್ತರದಲ್ಲಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಲಯವಾದ್ಯಗಳು ಕ್ಲಾರಿನೆಟ್‌ಗೆ ಪಕ್ಕವಾದ್ಯವಾಗಿ ಉಳಿಯದೆ ರಚನೆಯ ದಿಕ್ಕನ್ನೇ ನಿರ್ಧರಿಸುತ್ತವೆ. ಜಿಂಪೆಲ್ ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರ ಶ್ಯಾಕಲ್‌ಟನ್ ಮತ್ತು ಹಿಂದೂಸ್ತಾನಿ ಗಾಯಕ ಸಿದ್ಧಾರ್ಥ ಬೆಳ್ಮಣ್ಣು ಅವರೊಂದಿಗೆ 2023ರಲ್ಲಿ ಮಾಡಿದ ‘ಇನ್ ದ ಸೆಲ್ ಆಫ್ ಡ್ರೀಮ್ಸ್’ ಕೂಡ ಈ ಸಾಲಿನದೇ. ಅದು ಇನ್ನೂ ನಿಧಾನ, ಇನ್ನೂ ದಟ್ಟ. ಸಾಗರದ ಮೂರೂ ಆಲ್ಬಮ್‌ಗಳು ಕಿವಿಗೆ ಒಗ್ಗಿದ ಮೇಲೆ ಅದನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಕೊಮೆದಾ ಅವರನ್ನು ಎರಡು ಸಲ ಕೇಳುವುದು

ಪೋಲೆಂಡಿನ ಜಾಝ್‌ನಲ್ಲಿ ಎಲ್ಲ ದಾರಿಗಳೂ ಒಂದಲ್ಲ ಒಂದು ಕಡೆ ಪಿಯಾನೊ ವಾದಕ ಕ್ಷಿಶ್ತೊಫ್ ಕೊಮೆದಾ ಅವರನ್ನು ಹಾದುಹೋಗುತ್ತವೆ. ಸ್ಟಾಲಿನ್ ಕಾಲದಲ್ಲಿ ಅಧಿಕಾರಸ್ಥರು ಜಾಝನ್ನು ಅನುಮಾನದಿಂದ ನೋಡುತ್ತಿದ್ದುದರಿಂದ ಅದು ಮನೆಗಳ ಒಳಗೇ ಉಸಿರಾಡಬೇಕಾಯಿತು. 1956ರಲ್ಲಿ ಸೊಪೊತ್ ಪಟ್ಟಣದಲ್ಲಿ ನಡೆದ ಉತ್ಸವದಿಂದ ಅದು ಬಹಿರಂಗಕ್ಕೆ ಬಂತು. ಕೊಮೆದಾ ಆಗ ಕಿವಿ ಮೂಗು ಗಂಟಲಿನ ವೈದ್ಯರಾಗಿದ್ದರು, ಜಾಝ್‌ಗಾಗಿ ಬೇರೆ ಹೆಸರನ್ನು ಇಟ್ಟುಕೊಂಡಿದ್ದರು. 38 ತುಂಬುವ ಮೊದಲೇ, 1969ರಲ್ಲಿ, ಅವರು ತೀರಿಕೊಂಡರು. 1965ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದ ‘ಆಸ್ಟಿಗ್ಮ್ಯಾಟಿಕ್’ ಅವರ ಮೇರುಕೃತಿ. ಸರಕಾರಿ ಧ್ವನಿಮುದ್ರಣ ಸಂಸ್ಥೆಯ ‘ಪೋಲಿಷ್ ಜಾಝ್’ ಎಂಬ ಮಾಲಿಕೆಯಲ್ಲಿ ಅದು ಐದನೆಯದು.

ಅದರ ಶೀರ್ಷಿಕೆಯ ರಚನೆ 20 ನಿಮಿಷಕ್ಕೂ ದೀರ್ಘವಾಗಿದೆ. ಎಲೆಕ್ಟ್ರಾನಿಕ್ ಸಾಧನ ಒಂದೂ ಇಲ್ಲ; ತೊಮಾಶ್ ಸ್ತಾಂಕೊ ಅವರ ಟ್ರಂಪೆಟ್, ಜ್ಬಿಗ್ನೆಫ್ ನಮಿಸ್ವೊಫ್ಸ್ಕಿ ಅವರ ಆಲ್ಟೊ ಸ್ಯಾಕ್ಸೊಫೋನ್, ಅವುಗಳ ಕೆಳಗೆ ಪಿಯಾನೊ, ಬೇಸ್, ಡ್ರಮ್ಸ್ ಅಷ್ಟೇ. ಹಾಗಿದ್ದೂ ಇದನ್ನು ಕೇಳಲೇಬೇಕು ಎನ್ನುವುದಕ್ಕೆ ಕಾರಣವಿದೆ: ಕೊಮೆದಾ ಬಹಳ ಕಡಿಮೆ ನುಡಿಸುತ್ತಾರೆ, ಒಂದು ಸ್ವರಗುಚ್ಛವನ್ನು ಇಟ್ಟು ಅದು ಆರಿಹೋಗುವವರೆಗೂ ಕಾಯುತ್ತಾರೆ. ಇಂದಿನ ತಂಡಗಳು ಸಿಂಥಸೈಜರ್‌ನಿಂದ ಕಟ್ಟುವ ಬಯಲು ಅವರಲ್ಲಿ ಬರೀ ಕಾಯುವಿಕೆಯಿಂದ ಹುಟ್ಟುತ್ತದೆ.

ಇದಾದ ಮೇಲೆ ವ್ರೊತ್ಸ್ವಾಫ್ ನಗರದ ಇಎಬಿಎಸ್ ತಂಡದ ‘ರೆಪಿಟಿಷನ್ಸ್’ ಕೇಳಿ. 2017ರಲ್ಲಿ ಬಂದ ಇದು ಕೊಮೆದಾ ಅವರಿಗೆ ಬರೆದ ಪತ್ರಗಳೆಂಬ ಉಪಶೀರ್ಷಿಕೆ ಹೊತ್ತು, ಅವರ ಹೆಚ್ಚು ಪರಿಚಿತವಲ್ಲದ ರಚನೆಗಳನ್ನು ಎತ್ತಿಕೊಳ್ಳುತ್ತದೆ. ಪ್ರಕಟಿಸಿದ ಕಂಪನಿಯ ಹೆಸರೇ ಆಸ್ಟಿಗ್ಮ್ಯಾಟಿಕ್ ರೆಕಾರ್ಡ್ಸ್. ತಂಡದ ಕೀಬೋರ್ಡ್ ವಾದಕ ಮಾರೆಕ್ ಪೆಂಜಿವ್ಯಾತ್ರ್ ಪಿಯಾನೊದಿಂದ ಸಿಂಥಸೈಜರ್‌ಗೆ ಸರಿಯುವ ಕಡೆಗಳನ್ನು ಗುರುತು ಹಾಕಿಕೊಳ್ಳಿ. ಪಿಯಾನೊದ ಸ್ವರ ಬಡಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ, ಸಿಂಥಸೈಜರ್‌ನ ಸ್ವರವನ್ನು ಬೇಕಾದಷ್ಟು ಹೊತ್ತು ಹಿಡಿದಿಡಬಹುದು. ಈ ಭೇದದಿಂದಾಗಿ ಅದೇ ರಾಗಸಾಲು ಒಂದು ಕಡೆ ಮಾತಿನಂತೆಯೂ ಇನ್ನೊಂದು ಕಡೆ ಹವೆಯಂತೆಯೂ ಕೇಳುತ್ತದೆ. ಡ್ರಮ್ಸ್‌ನ ನಡೆ ಹಿಪ್‌ಹಾಪ್‌ನಿಂದ ಬಂದದ್ದು: ಪೆಟ್ಟು ಉದ್ದೇಶಪೂರ್ವಕವಾಗಿ ತುಸು ಹಿಂದಕ್ಕೆ ಜಗ್ಗಿರುತ್ತದೆ. ಮೂಲ ಸ್ವರಸಾಲನ್ನು ಗುರುತಿಸಲಾಗಲಿಲ್ಲವೆಂದು ಚಿಂತಿಸಬೇಕಿಲ್ಲ. ಕಾಯುವ ಗುಣ ಎಲ್ಲೆಲ್ಲಿ ಉಳಿದಿದೆ ಎಂದು ನೋಡಿದರೆ ಕೊಮೆದಾ ಸಿಗುತ್ತಾರೆ. ಅದೇ ತಂಡ 2019ರಲ್ಲಿ ‘ಸ್ಲಾವಿಕ್ ಸ್ಪಿರಿಟ್ಸ್’ ತಂದಿತು, 2023ರಲ್ಲಿ ಲಾಹೋರಿನ ಜೌಬಿ ತಂಡದೊಂದಿಗೂ ಒಂದು ಆಲ್ಬಮ್ ಮಾಡಿತು. ಇದೇ ಬಳಗದ ಕೆಲವರು ಸೇರಿ ಕಟ್ಟಿದ ಬ್ವೊತೊ ತಂಡ ಹೆಚ್ಚು ಒರಟು, ಹೆಚ್ಚು ಬೀಟ್‌ಪ್ರಧಾನ.

ಹಳೆಯ ಧ್ವನಿಮುದ್ರಣಗಳನ್ನೇ ಕತ್ತರಿಸಿ ಹೊಸದನ್ನು ಕಟ್ಟಿದವರೂ ಇದ್ದಾರೆ. ವ್ರೊತ್ಸ್ವಾಫ್‌ನ ಇಬ್ಬರು ಸೇರಿ ಮಾಡಿಕೊಂಡ ಸ್ಕಾಲ್ಪೆಲ್ ಜೋಡಿ ಪೋಲಿಷ್ ಜಾಝ್ ತಟ್ಟೆಗಳ ತುಣುಕುಗಳಿಂದ ತಮ್ಮ ಸಂಗೀತವನ್ನು ರೂಪಿಸಿತು, ಲಂಡನ್‌ನ ನಿಂಜಾ ಟ್ಯೂನ್ ಕಂಪನಿ ಅದನ್ನು ಹೊರಗಿನ ಜಗತ್ತಿಗೆ ತಲುಪಿಸಿತು. ಪಿಂಕ್ ಫ್ರಾಯ್ಡ್ ತಂಡ ಇದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿನಲ್ಲಿ ನಡೆದು, ಬ್ರಿಟನ್ನಿನ ಆಟೆಕರ್ ಜೋಡಿ ಯಂತ್ರಗಳಲ್ಲಿ ಮಾಡಿದ ಸಂಗೀತವನ್ನು 2016ರ ಒಂದು ಆಲ್ಬಮ್‌ನಲ್ಲಿ ಬೇಸ್, ಡ್ರಮ್ಸ್, ಗಾಳಿವಾದ್ಯಗಳಿಗೆ ಇಳಿಸಿತು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ ನೋಡಿ.

ನಿಧಾನದ ಕಡೆಗೆ

ಆಂಬಿಯೆಂಟ್‌ಗೆ ತೀರ ಹತ್ತಿರವಿರುವ ರಚನೆಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅವುಗಳಲ್ಲಿ ಬದಲಾವಣೆ ಅಷ್ಟು ಸೂಕ್ಷ್ಮವಾಗಿರುತ್ತದೆ. ಲೊಟ್ಟೊ ತಂಡದ ‘ಎಲೀಟ್ ಫೀಲೈನ್’ ಆಲ್ಬಮ್‌ನಲ್ಲಿ ಎರಡೇ ದೀರ್ಘ ರಚನೆಗಳಿವೆ. ಗಿಟಾರ್, ಬೇಸ್, ಡ್ರಮ್ಸ್ ಮೂರೂ ಒಂದೇ ಸಣ್ಣ ವಿನ್ಯಾಸವನ್ನು ಹಿಡಿದು ನಡೆಯುತ್ತವೆ. ಇಲ್ಲಿ ಮುಂದೇನು ಎಂದು ಕಾದರೆ ಬೇಸರ ಬರುತ್ತದೆ. ಅದರ ಬದಲು ಒಂದೇ ವಾದ್ಯವನ್ನು ಆರಿಸಿಕೊಂಡು, ಉದಾಹರಣೆಗೆ ಡ್ರಮ್ಸ್‌ನ ತಾಳತಟ್ಟೆಯನ್ನು, ಕೊನೆಯವರೆಗೂ ಅದನ್ನೇ ಕೇಳಿ. ಐದು ನಿಮಿಷ ಕಳೆದ ಮೇಲೆ ತಿರುಗಿ ಮೊದಲ ನಿಮಿಷಕ್ಕೆ ಹೋಗಿ ಹೋಲಿಸಿದರೆ ಎಷ್ಟು ದೂರ ಸಾಗಿದ್ದೇವೆ ಎಂಬುದು ಗೊತ್ತಾಗುತ್ತದೆ.

ಈ ನಿಧಾನ ಇದ್ದಕ್ಕಿದ್ದಂತೆ ಬಂದದ್ದಲ್ಲ. ಸ್ತಾಂಕೊ ಭಾರತಕ್ಕೆ ಬಂದು ತಾಜ್‌ಮಹಲಿನಲ್ಲಿಯೂ ಮಹಾರಾಷ್ಟ್ರದ ಕಾರ್ಲಾ ಗುಹೆಗಳಲ್ಲಿಯೂ ಒಂಟಿಯಾಗಿ ಟ್ರಂಪೆಟ್ ನುಡಿಸಿದರು. ಆ ಧ್ವನಿಮುದ್ರಣ 1980ರಲ್ಲಿ ಹೊರಬಂತು. ಕಲ್ಲಿನ ಗೋಡೆಗಳ ಪ್ರತಿಧ್ವನಿಯೇ ಅಲ್ಲಿ ಅವರ ಸಹವಾದಕ: ಒಂದು ಸ್ವರ ಬಿಟ್ಟು, ಅದು ಮರಳಿ ಬರುವಾಗ ಅದರ ಮೇಲೆ ಮುಂದಿನದನ್ನು ಇಡುತ್ತಾರೆ. ಇಂದು ಡಿಲೇ ಸಾಧನದಿಂದ ಮಾಡುವುದನ್ನು ಕಟ್ಟಡದಿಂದಲೇ ಮಾಡಿಸಿದ ಆ ಧ್ವನಿಮುದ್ರಣವನ್ನು ಹುಡುಕಿ ಕೇಳುವುದು ಶ್ರಮಕ್ಕೆ ತಕ್ಕ ಫಲ ಕೊಡುತ್ತದೆ. 1980ರ ದಶಕದ ನಡುವಿನಲ್ಲಿ ಅವರು ಫ್ರೀಎಲೆಕ್ಟ್ರಾನಿಕ್ ಎಂಬ ತಂಡ ಕಟ್ಟಿದಾಗ ಅದರಲ್ಲಿ ತಾದೆಉಶ್ ಸುದ್ನಿಕ್ ಎಲೆಕ್ಟ್ರಾನಿಕ್ ಸಾಧನಗಳನ್ನು ನುಡಿಸಿದರು. ಸುದ್ನಿಕ್ ಬಂದದ್ದು ಪೋಲಿಷ್ ರೇಡಿಯೊದ ಪ್ರಯೋಗ ಸ್ಟುಡಿಯೊದಿಂದ. ಯೂಜೆಫ್ ಪಾತ್ಕೊಫ್ಸ್ಕಿ ಅವರು 1957ರಲ್ಲಿ ವಾರ್ಸಾದಲ್ಲಿ ಸ್ಥಾಪಿಸಿದ ಆ ಸ್ಟುಡಿಯೊದಲ್ಲಿ ಸಂಯೋಜಕರೂ ಧ್ವನಿ ತಂತ್ರಜ್ಞರೂ ಟೇಪನ್ನು ಕತ್ತರಿಸಿ, ಅಂಟಿಸಿ, ಸುತ್ತು ಹಾಕಿ ಸಂಗೀತ ಕಟ್ಟುತ್ತಿದ್ದರು. ಗಾಯಕಿ ಉರ್ಶುಲಾ ದುಜ್ಯಾಕ್ 1970ರ ದಶಕದಲ್ಲೇ ತಮ್ಮ ಧ್ವನಿಯನ್ನು ಎಲೆಕ್ಟ್ರಾನಿಕ್ ಸಾಧನಗಳ ಮೂಲಕ ಹಾಯಿಸಿ ಹಾಡುತ್ತಿದ್ದರು. ಇಂದಿನವರನ್ನು ಕೇಳಿ ಅಭ್ಯಾಸವಾದ ಮೇಲೆ ಈ ಹಿರಿಯರಲ್ಲಿಗೆ ಹೋದರೆ ಅವರು ಎಷ್ಟು ಮುಂದಿದ್ದರು ಎಂಬುದು ಮನಸ್ಸಿಗೆ ತಟ್ಟುತ್ತದೆ. ಇತಿಹಾಸದ ಕ್ರಮದಲ್ಲಿ ಕೇಳುವುದನ್ನು ನಾನು ಸೂಚಿಸದೆ ಇದ್ದದ್ದು ಇದಕ್ಕಾಗಿಯೇ.

ಹುಡುಕುವುದು, ಕೊಳ್ಳುವುದು, ಎದುರು ಕೂತು ಕೇಳುವುದು

ಕಲಾವಿದರ ಹೆಸರಿಗಿಂತ ಕಂಪನಿಯ ಹೆಸರನ್ನು ಹಿಡಿದು ಹುಡುಕುವುದು ಇಲ್ಲಿ ಫಲಕಾರಿ. ‘ಲೈನ್ಸ್’ ಮತ್ತು ‘ಎಲೀಟ್ ಫೀಲೈನ್’ ಎರಡೂ ಬಂದದ್ದು ಕ್ರಾಕೋವ್‌ನ ಇನ್‌ಸ್ಟಂಟ್ ಕ್ಲಾಸಿಕ್‌ನಿಂದ. ಆ ಪಟ್ಟಿಯಲ್ಲಿ ಒಂದು ಹಿಡಿಸಿದರೆ ಪಕ್ಕದ್ದೂ ಹಿಡಿಸುವ ಸಂಭವ ಹೆಚ್ಚು. ಇಂಥ ಕಂಪನಿಗಳು ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರುವ ಜಾಲತಾಣದಲ್ಲಿ ತಮ್ಮ ಆಲ್ಬಮ್‌ಗಳನ್ನು ಮಾರುತ್ತವೆ, ಕೊಳ್ಳುವ ಮೊದಲು ಕೇಳಿ ನೋಡಲೂ ಬರುತ್ತದೆ. ಬೆಲೆ ಪೋಲೆಂಡಿನ ನಾಣ್ಯವಾದ ಜ್ಲೋಟಿಯಲ್ಲೋ ಯೂರೊದಲ್ಲೋ ಇರುತ್ತದೆ. ಎಲ್‌ಪಿ ತರಿಸುವುದಾದರೆ ಅಂಚೆ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕಿ. ಪೋಲಿಷ್ ಅಕ್ಷರಗಳ ಮೇಲೆ ಕೆಳಗೆ ಇರುವ ಚಿಹ್ನೆಗಳನ್ನು ಟೈಪ್ ಮಾಡಲಾಗದಿದ್ದರೆ ಅವನ್ನು ಬಿಟ್ಟು ಹುಡುಕಿದರೂ ಸಾಮಾನ್ಯವಾಗಿ ಸಿಗುತ್ತದೆ.

ಪೋಲೆಂಡಿಗೇ ಹೋಗುವ ಅವಕಾಶ ಒದಗಿದರೆ ಅಕ್ಟೋಬರ್, ನವೆಂಬರ್ ತಿಂಗಳುಗಳನ್ನು ಆರಿಸಿಕೊಳ್ಳಿ. ಕ್ರಾಕೋವ್‌ನಲ್ಲಿ 2003ರಿಂದ ನಡೆಯುತ್ತಿರುವ ಅನ್‌ಸೌಂಡ್ ಉತ್ಸವ ಅಕ್ಟೋಬರಿನಲ್ಲಿ ಬರುತ್ತದೆ, ವ್ರೊತ್ಸ್ವಾಫ್‌ನ ಜಾಝ್‌ತೊಪಾದ್ ನವೆಂಬರಿನಲ್ಲಿ. ವಾರ್ಸಾದ ಜಾಝ್ ಜಂಬೂರಿ 1958ರಿಂದ ಬಂದ ಹಿರಿಯ ಉತ್ಸವ. ಸಣ್ಣ ಸಭಾಂಗಣವಾದರೆ ವಾದಕರ ಕಾಲು ಕಾಣುವ ಜಾಗದಲ್ಲಿ ಕೂರುವುದು ಮೇಲು: ಲೂಪರ್‌ನ ಗುಂಡಿಯನ್ನು ಯಾವಾಗ ಒತ್ತಿದರು, ಯಾವಾಗ ಅದನ್ನು ನಿಲ್ಲಿಸಿ ಬರಿ ವಾದ್ಯಕ್ಕೆ ಮರಳಿದರು ಎಂಬುದನ್ನು ಅಲ್ಲಿಂದ ಕಣ್ಣಾರೆ ನೋಡಬಹುದು.