ಆಡಿಟರ್ ಬರುತ್ತಾರೆ ಅಂತ ಗೀಸರ್ ಆರಿಸಿಡಬೇಡಿ

ಕೊಡಗಿನಲ್ಲಿ ಲಾಡ್ಜ್, ರೆಸಾರ್ಟ್ ನಡೆಸುವವರು ಕರೆಂಟ್ ಬಿಲ್ ನೋಡಿ ಗಾಬರಿಯಾದರೆ ಮೊದಲು ಫೋನ್ ಮಾಡುವುದು ಸೋಲಾರ್ ಅಂಗಡಿಗೆ. ಕರೆಂಟ್ ಎಲ್ಲಿ ಹೋಗುತ್ತಿದೆ ಅಂತಲೇ ಗೊತ್ತಿಲ್ಲದೆ ದುಡ್ಡು ಸುರಿಯುವುದು ಯಾಕೆ? ಮೊದಲು ಎನರ್ಜಿ ಆಡಿಟ್, ಅಂದರೆ ಕರೆಂಟ್, ಗ್ಯಾಸ್, ಡೀಸೆಲ್ ಎಲ್ಲೆಲ್ಲಿ ಎಷ್ಟು ಖರ್ಚಾಗುತ್ತಿದೆ ಅಂತ ಅಳೆಯುವ ತಪಾಸಣೆ, ಮಾಡಿಸಿ. ಅದರಲ್ಲೂ ಎಡವುವವರೇ ಜಾಸ್ತಿ. ಆಡಿಟರ್ ಬರುವ ದಿನ ನೆಂಟರು ಬರುವ ಹಾಗೆ ಎಲ್ಲ ಒಪ್ಪ ಮಾಡಿ, ಗೀಸರ್, ಹೀಟರ್ ಆರಿಸಿ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಕಾಗದ ಜೋಡಿಸಿ: 12 ತಿಂಗಳ ಸೆಸ್ಕ್ (ಇಲ್ಲಿಗೆ ಕರೆಂಟ್ ಕೊಡುವ ಕಂಪನಿ) ಬಿಲ್, ಗ್ಯಾಸ್ ಮತ್ತು ಡೀಸೆಲ್ ಲೆಕ್ಕ, ಯಾವ ತಿಂಗಳು ಎಷ್ಟು ರೂಮ್ ಭರ್ತಿಯಾಗಿತ್ತು ಅನ್ನುವುದು. ಡೀಸೆಲ್ ಚೀಟಿ ಬಿಸಾಡಿದ್ದರೆ ಇವತ್ತೇ ಜನರೇಟರ್ ಪಕ್ಕ ಒಂದು ನೋಟ್‌ಬುಕ್ ಇಡಿ.

ಆಮೇಲೆ ಆಡಿಟರ್. ಫ್ರಿಜ್ ಮೇಲೆ ಸ್ಟಾರ್ ಚೀಟಿ ಇರುತ್ತದಲ್ಲ, ಆ ಸ್ಟಾರ್ ಕೊಡುವ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿಯೇ ಇವರಿಗೂ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುತ್ತದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಹುಟ್ಟಿದ ಸಂಸ್ಥೆ ಅದು. ಸರ್ಟಿಫಿಕೇಟ್ ಕೇಳಿ ನೋಡಿ. ಫೀಸ್ ಕೊಟ್ಟೇ ಕರೆಸಿ. ‘ಫ್ರೀ ಆಡಿಟ್’ ಅಂತ ಬರುವವರು ತಾವು ಮಾರುವ ಸಾಮಾನೇ ನಿಮಗೆ ಬೇಕು ಅಂತ ರಿಪೋರ್ಟ್ ಬರೆಯುತ್ತಾರೆ.

ಈಗ ಅಳತೆ. ಕೆಲಸ ಕೆಡುವುದು ಇಲ್ಲೇ. ಒಂದು ಮಧ್ಯಾಹ್ನ ಕಟ್ಟಡ ಸುತ್ತಿ, ಬಲ್ಬ್ ಎಣಿಸಿ, ಕಾಫಿ ಕುಡಿದು ಹೋದರೆ ಅದು ಆಡಿಟ್ ಅಲ್ಲ. ಮೇನ್ ಪ್ಯಾನೆಲ್‌ಗೆ ಲಾಗರ್ (ಹೊತ್ತು ಹೊತ್ತಿಗೆ ಎಷ್ಟು ಕರೆಂಟ್ ಹೋಯಿತು ಅಂತ ದಾಖಲಿಸುವ ಮೀಟರ್) ಕಟ್ಟಿ, ಶನಿವಾರ ಭಾನುವಾರ ಸೇರಿ ಕನಿಷ್ಠ ಒಂದು ವಾರ ಬಿಡಬೇಕು. ಗೀಸರ್ ಲೈನ್‌ಗೆ, ಲಾಂಡ್ರಿಗೆ ಬೇರೆ ಬೇರೆ ಲಾಗರ್ ಇದ್ದರೆ ಇನ್ನೂ ಒಳ್ಳೆಯದು. ಆ ವಾರ ಏನನ್ನೂ ಬದಲಾಯಿಸಬೇಡಿ. ಪಂಪ್ ಯಾವಾಗ ಹಾಕಿದರು, ಡ್ರೈಯರ್ ಯಾವಾಗ ತಿರುಗಿತು, ಕರೆಂಟ್ ಎಷ್ಟು ಗಂಟೆಗೆ ಹೋಯಿತು ಅಂತ ಹುಡುಗರ ಕೈಯಲ್ಲಿ ಬರೆಸಿಡಿ. ಇಲ್ಲದಿದ್ದರೆ ಗ್ರಾಫ್‌ನಲ್ಲಿ ರಾತ್ರಿ 2 ಗಂಟೆಗೆ ಎದ್ದು ನಿಂತ ಗೆರೆ ಯಾವುದರದು ಅಂತ ಯಾರಿಗೂ ಹೇಳಲಾಗದು.

ಯಾವ ತಿಂಗಳಲ್ಲಿ ಅಳೆಯಬೇಕು? ನನ್ನ ಕೇಳಿದರೆ ಜುಲೈ. ಏಪ್ರಿಲ್‌ನಲ್ಲಿ ಅಳೆದರೆ ಸೋಲಾರ್ ಹೀಟರ್ ಚೆನ್ನಾಗಿಯೇ ಓಡುತ್ತಿರುತ್ತದೆ. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಅದೇ ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್ ದಿನವಿಡೀ ಉರಿಯುತ್ತದೆ, ಬೆಡ್‌ಶೀಟ್ ಎಲ್ಲ ಡ್ರೈಯರ್‌ಗೆ ಹೋಗುತ್ತದೆ, ಮರ ಬಿದ್ದು ಕರೆಂಟ್ ಹೋದರೆ ಜನರೇಟರೇ ಗತಿ. 100 ಲೀಟರ್ ನೀರನ್ನು 18 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 3 ಯೂನಿಟ್ ಬೇಕು. ದೂರದ ಕಾಟೇಜ್‌ನ ನಲ್ಲಿ ತಿರುಗಿಸಿ, ಬಿಸಿನೀರು ಬರಲು ಎಷ್ಟು ಹೊತ್ತು ಅಂತ ಆಡಿಟರ್ ಎದುರೇ ನೋಡಿ. ಹೊದಿಕೆಯಿಲ್ಲದ ಪೈಪಿನಲ್ಲಿ ಎಷ್ಟು ಬಿಸಿ ಪೋಲಾಗುತ್ತಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಕೈಯಲ್ಲಿ ದುಡ್ಡಿದ್ದರೆ ಡಿಸೆಂಬರ್ ಸೀಸನ್‌ನಲ್ಲಿ ಇನ್ನೊಂದು ಸಲ ಅಳೆಸಿ.

ಅಂದಹಾಗೆ, ಪ್ಲಗ್‌ಗೆ ಸಿಕ್ಕಿಸುವ ‘ಪವರ್ ಸೇವರ್’ ಡಬ್ಬಿ ತರಲೇಬೇಡಿ. ಅದರೊಳಗೆ ಇರುವುದು ಒಂದು ಚಿಕ್ಕ ಕೆಪಾಸಿಟರ್. ಅದರಿಂದ ಯೂನಿಟ್ ಇಳಿಯುವುದಿಲ್ಲ. ಬಿಲ್‌ನಲ್ಲಿ ಪವರ್ ಫ್ಯಾಕ್ಟರ್ ದಂಡ (ಎಳೆದ ಕರೆಂಟ್ ಪೂರ್ತಿ ಕೆಲಸಕ್ಕೆ ಬಾರದಿದ್ದರೆ ಹಾಕುವ ದಂಡ) ಬೀಳುತ್ತಿದ್ದರೆ ಪ್ಯಾನೆಲ್‌ನ ಕೆಪಾಸಿಟರ್ ಕೆಟ್ಟಿದೆಯಾ ಅಂತ ನೋಡಿಸಿ.

ರಿಪೋರ್ಟ್ ಬಂದಾಗ ಪ್ರತಿ ಸಲಹೆಯ ಮುಂದೆ ಖರ್ಚೆಷ್ಟು, ವರ್ಷಕ್ಕೆ ಉಳಿಯುವ ಯೂನಿಟ್ ಎಷ್ಟು, ಹಾಕಿದ ದುಡ್ಡು ಎಷ್ಟು ತಿಂಗಳಲ್ಲಿ ವಾಪಸ್ ಅಂತ ಇರಲೇಬೇಕು. ಮೊದಲ ಸಲಹೆಯೇ ಕಮ್ಮಿ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಆಗಿದ್ದರೆ ರಿಪೋರ್ಟ್ ಬೆಂಗಳೂರಿನದ್ದನ್ನು ನಕಲು ಹೊಡೆದದ್ದಾ ಅಂತ ಅನುಮಾನಪಡಿ. 75 ವಾಟ್‌ನ ಫ್ಯಾನ್ 30ಕ್ಕೆ ಇಳಿಯುವುದು ನಿಜ, ಆದರೆ ಮಡಿಕೇರಿಯಲ್ಲಿ ಫ್ಯಾನ್ ತಿರುಗುವುದೇ ಅಪರೂಪ ಅಲ್ವಾ? ಇಲ್ಲಿ ದುಡ್ಡು ಹಾಕಬೇಕಾದದ್ದು ಬಿಸಿನೀರಿಗೆ. ಸುತ್ತಲಿನ ಗಾಳಿಯ ಬಿಸಿಯನ್ನೇ ಎಳೆದು ನೀರಿಗೆ ಕೊಡುವ ಹೀಟ್ ಪಂಪ್ ಹಾಕಿಸಿ. ಕಾಯಿಲ್ ತಿನ್ನುವ ಕರೆಂಟಿನ ಸುಮಾರು ಮೂರನೇ ಒಂದು ಪಾಲು ಸಾಕು. ಕುಶಾಲನಗರದ ಕಡೆ ಮಳೆ ಕಮ್ಮಿ, ಅಲ್ಲಿ ಸೋಲಾರ್ ಆದೀತು. ಕಾಸು ಬೇಡದ ಟೈಮರ್ ಬದಲಾವಣೆಯಂಥದ್ದನ್ನು ಅದೇ ವಾರ ಮುಗಿಸಿ.

ಮುಂದಿನ ಜುಲೈಯಲ್ಲಿ ಮತ್ತೆ ಲಾಗರ್ ಕಟ್ಟಿಸಿ, ಒಂದು ರೂಮಿಗೆ ಎಷ್ಟು ಯೂನಿಟ್ ಅಂತ ಲೆಕ್ಕ ಹಾಕಿ ಹೋಲಿಸಿ. ಬರೀ ಬಿಲ್ ನೋಡಿದರೆ, ಗುಡ್ಡ ಕುಸಿದು ರಸ್ತೆ ಮುಚ್ಚಿ ಗಿರಾಕಿಗಳೇ ಬಾರದ ತಿಂಗಳೂ ಉಳಿತಾಯದ ಹಾಗೇ ಕಾಣುತ್ತದೆ.