ಬ್ಯಾರೆಲ್ ಕೊಳ್ಳುವ ಮೊದಲು ಗುಂಡು ಊದಿ ನೋಡಿ

ಬಣ್ಣ ತುಂಬಿದ ಗುಂಡು ಹೊಡೆದು ಆಡುವ ಪೇಂಟ್‌ಬಾಲ್ ಆಟದ ನನ್ನ ಮಾರ್ಕರ್‌ಗೆ ಇಲ್ಲಿಯವರೆಗೆ ಮೂರು ಬ್ಯಾರೆಲ್, ಅಂದರೆ ಗುಂಡು ಹೊರಬರುವ ನಳಿಗೆ, ಕೊಂಡಿದ್ದೇನೆ. ಮೊದಲನೆಯದು ಕೂರಲೇ ಇಲ್ಲ. ಎರಡನೆಯದು ಕೂತಿತು, ಕೆಲಸಕ್ಕೆ ಬರಲಿಲ್ಲ. ಮೂರನೆಯದು ಇವತ್ತಿಗೂ ಮಾರ್ಕರ್ ಮೇಲೆಯೇ ಇದೆ.

ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ನಿಂದ ಸ್ವಲ್ಪ ಹೊರಗೆ. ಕಾರು ಕಂಪನಿಗಳ ಕೆಲಸಕ್ಕೆ ಬಂದ ಕನ್ನಡದವರು ಈ ಕಡೆ ಬೇಕಾದಷ್ಟಿದ್ದಾರೆ. ಆಫೀಸಿನವರ ಜೊತೆ ಒಂದು ಶನಿವಾರ ಸುಮ್ನೆ ಆಡೋಕೆ ಹೋದೆ, ಚಟ ಹತ್ತಿತು. ಬಾಡಿಗೆ ಮಾರ್ಕರ್ ಸಾಕಾಗಿ, ಸೆಕೆಂಡ್ ಹ್ಯಾಂಡ್ ಟಿಪ್‌ಮನ್ 98 ಕಸ್ಟಮ್ ಒಂದನ್ನು ತಂದೆ. ಪಕ್ಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ ಶುರುವಾದ ಕಂಪನಿಯದ್ದು. ಹಳೇ ಟ್ರ್ಯಾಕ್ಟರ್ ಇದ್ದ ಹಾಗೆ, ಕೆಸರಲ್ಲಿ ಬಿದ್ದರೂ ಓಡುತ್ತದೆ. ಗೆಳೆಯನೊಬ್ಬ ನೋಡಿ, ‘ಏನ್ ಮಾರಾಯಾ, ಕೋವಿ ತಂದ್ಯಾ?’ ಅಂದ. ಕೋವಿ ಅಲ್ಲ, ಮಾರ್ಕರ್. ಕಾಡಿನಲ್ಲಿ ಮರಗಳಿಗೆ ದೂರದಿಂದ ಬಣ್ಣದ ಗುರುತು ಹಾಕಲು ಮಾಡಿದ ಸಾಧನ ಇದು. 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ 12 ಜನ ಅದನ್ನು ಹಿಡಿದು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋದರು. ಆಟ ಹುಟ್ಟಿದ್ದು ಹಾಗೆ.

98 ಕಸ್ಟಮ್ ಜೊತೆ ಬರುವ ಬ್ಯಾರೆಲ್ 8.5 ಇಂಚಿನದು. ನನ್ನದು ಒಳಗೆಲ್ಲ ಗೀರು ಬಿದ್ದು ಹಾಳಾಗಿತ್ತು. ನಲವತ್ತು ಗಜ ದೂರದ ಡ್ರಮ್ಮಿಗೆ ಗುರಿ ಇಟ್ಟರೆ ಒಂದು ಗುಂಡು ಎಡಕ್ಕೆ, ಇನ್ನೊಂದು ಮರದ ತುದಿಗೆ. ಬದಲಿಸಲೇಬೇಕು ಅನ್ನಿಸಿತು.

ಮೊದಲ ತಪ್ಪು ಹೇಳಿಕೊಳ್ಳಲು ನಾಚಿಕೆ, ಯಾಕೆಂದರೆ ದಿನಾ ಥ್ರೆಡ್ (ತಿರುಗಿಸಿ ಕೂರಿಸುವ ಸ್ಕ್ರೂ ಸುತ್ತು) ಅಳೆಯುವುದೇ ನನ್ನ ಕೆಲಸ. ಮಾರುವವನು ‘ಟಿಪ್‌ಮನ್‌ಗೆ ಆಗುತ್ತದೆ’ ಅಂದ, ನಾನು ಕೊಂಡೆ. ಅದು ಟಿಪ್‌ಮನ್ ಎ5 ಮಾರ್ಕರಿನ ಥ್ರೆಡ್. ಒಂದೇ ಕಂಪನಿಯದ್ದಾದರೂ ಎ5ದು ಬೇರೆ, 98ರದ್ದು ಬೇರೆ. ಬೇರೆ ಮಾರ್ಕರ್‌ಗಳಾದ ಸ್ಪೈಡರ್‌ದು ಇನ್ನೊಂದು, ಆಟೋಕಾಕರ್‌ದು ಮತ್ತೊಂದು. ಅರ್ಧ ಸುತ್ತು ಕಚ್ಚಿ ನಿಂತುಬಿಟ್ಟಿತು. ಒತ್ತಿ ತಿರುಗಿಸಿದ್ದರೆ ಮಾರ್ಕರಿನ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತುಹೋಗುತ್ತಿತ್ತು. ಬ್ರ್ಯಾಂಡ್ ಹೆಸರು ಕೇಳಿ ಕೊಳ್ಳಬೇಡಿ, ಮಾಡೆಲ್ ಕೇಳಿ.

ಎರಡನೆಯದು 16 ಇಂಚಿನದು. ಉದ್ದ ಇದ್ದಷ್ಟೂ ಗುಂಡು ನೇರ ಹೋಗುತ್ತದೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ನೋಡೋಕೆ ಭರ್ಜರಿ, ತುದಿಯಲ್ಲಿ ಸಾಲಾಗಿ ತೂತುಗಳು ಬೇರೆ. ಮೈದಾನದ ಕ್ರೋನೋದಲ್ಲಿ ವೇಗ ಅಳೆದಾಗ ಮುಖ ಸಪ್ಪೆಯಾಯಿತು. ಹಳೇ ಬ್ಯಾರೆಲ್‌ನಲ್ಲಿ ಸೆಕೆಂಡಿಗೆ 285 ಅಡಿ ಬರುತ್ತಿದ್ದದ್ದು 265ಕ್ಕೆ ಇಳಿದಿತ್ತು. ಮತ್ತೆ ಏರಿಸಲು ಮಾರ್ಕರಿನ ಪಕ್ಕದಲ್ಲಿರುವ ವೇಗದ ಸ್ಕ್ರೂ ತಿರುಗಿಸಿದೆ, ಟ್ಯಾಂಕಿನ ಗಾಳಿ ಬೇಗ ಖಾಲಿಯಾಗತೊಡಗಿತು. ಗುರಿಯಂತೂ ಅಷ್ಟೇ. ಪೊದೆಯೊಳಗೆ ತಿರುಗಿದಾಗೆಲ್ಲ ತುದಿ ಕೊಂಬೆಗೆ ಸಿಕ್ಕಿಕೊಳ್ಳುತ್ತಿತ್ತು. ಆಗಿದ್ದ ಒಂದೇ ಲಾಭ ಅಂದರೆ ಸದ್ದು ಕಡಿಮೆ.

ಯಾಕೆ ಹೀಗೆ ಅಂತ ಆಮೇಲೆ ಕೂತು ಯೋಚಿಸಿದೆ. ಗಾಳಿ ಗುಂಡನ್ನು ತಳ್ಳುವ ಕೆಲಸ ಮೊದಲ ಎಂಟು-ಹತ್ತು ಇಂಚಿನಲ್ಲೇ ಬಹುಪಾಲು ಮುಗಿಯುತ್ತದೆ. ಆಮೇಲಿನ ಉದ್ದ ಬರೀ ತಿಕ್ಕಾಟ. ತೂತು ಶುರುವಾದ ಜಾಗದಿಂದ ಗಾಳಿ ಹೊರಗೆ ಹೋಗುವುದರಿಂದ ಅಲ್ಲಿ ತಳ್ಳುವುದೂ ಇಲ್ಲ. ರೈಫಲ್ ಲೆಕ್ಕ ಇಲ್ಲಿ ನಡೆಯಲ್ಲ. ಇದು ಸೀಸದ ಗುಂಡಲ್ಲ. ಮೂರು ಗ್ರಾಂ ತೂಕದ, ನಡುವೆ ಹೊಲಿಗೆ ಇರುವ, ಒಳಗೆ ಬಣ್ಣ ಕುಲುಕಾಡುವ ಜೆಲಟಿನ್ ಉಂಡೆ.

ಅಲ್ಲಿಗೆ ನೆನಪಾದದ್ದು ಪೆಟ್ಲು. ಶಿರಸಿ ಕಡೆಯವರಿಗೆ ಹೇಳಬೇಕಿಲ್ಲ. ಬಿದಿರಿನ ಅಂಡೆ, ಒಂದು ಕೋಲು, ಒಂದಿಷ್ಟು ಹಸಿ ಕಾಯಿ. ಮುಂದೊಂದು ಕಾಯಿ ತುರುಕಿ, ಹಿಂದಿನಿಂದ ಇನ್ನೊಂದನ್ನು ಕೋಲಿನಲ್ಲಿ ದಬ್ಬಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿ ‘ಟಪ್’ ಅಂತ ಹಾರುತ್ತದೆ. ಕಾಯಿ ಸಣ್ಣದಾದರೆ ‘ಪುಸ್’. ದಪ್ಪವಾದರೆ ಅಲ್ಲೇ ಜಜ್ಜಿಹೋಗುತ್ತದೆ. ನಾವು ಮಾಡುತ್ತಿದ್ದದ್ದೇನು? ಮೊದಲು ಕಾಯಿ ನೋಡಿ, ಆಮೇಲೆ ಅದಕ್ಕೆ ಸರಿಯಾದ ಬಿದಿರು ಹುಡುಕುತ್ತಿದ್ದೆವು. ಇಲ್ಲಿ ನಾನು ಉದ್ದ ನೋಡಿ ಬಿದಿರು ಕೊಂಡಿದ್ದೆ.

ಮರುದಿನವೇ ಒಂದು ಚೀಲ ಗುಂಡು ತೆಗೆದು ವರ್ನಿಯರ್ ಹಿಡಿದು ಕೂತೆ. ಹೆಸರಿಗೆ ಎಲ್ಲವೂ 0.68 ಇಂಚು, ಅಂದರೆ ಸುಮಾರು 17.3 ಮಿಲಿಮೀಟರ್. ಅಳೆದರೆ ಒಂದು 0.682, ಒಂದು 0.686. ಹೊಲಿಗೆಯ ಉದ್ದಕ್ಕೆ ಒಂದು ಅಳತೆ, ಅಡ್ಡಕ್ಕೆ ಇನ್ನೊಂದು. ಜುಲೈನಲ್ಲಿ ಬೇರೆ ಚೀಲ ತಂದು ಅಳೆದಾಗ 0.690ರ ಆಸುಪಾಸು. ಜೆಲಟಿನ್ ಗಾಳಿಯ ತೇವ ಹೀರಿ ಊದಿಕೊಳ್ಳುತ್ತದೆ, ಮಳೆಗಾಲದ ಹಪ್ಪಳದ ಹಾಗೆ ಮೆತ್ತಗೂ ಆಗುತ್ತದೆ. ನನ್ನ 16 ಇಂಚಿನದರ ಒಳಗಿನ ಅಗಲ 0.693 ಇತ್ತು. ಸಣ್ಣ ಗುಂಡಿನ ಸುತ್ತ ಗಾಳಿ ಸೋರಿ ಹೋಗುತ್ತಿತ್ತು, ಇನ್ನೇನು.

ವರ್ನಿಯರ್ ಇಲ್ಲದಿದ್ದರೂ ಚಿಂತೆಯಿಲ್ಲ, ಬಾಯಿ ಸಾಕು. ಬ್ಯಾರೆಲನ್ನು ಮಾರ್ಕರಿನಿಂದ ಪೂರ್ತಿ ಬಿಚ್ಚಿಕೊಳ್ಳಿ (ಮಾರ್ಕರಿನಲ್ಲೇ ಇಟ್ಟು ಮುಖದ ಹತ್ತಿರ ತರುವ ಹುಚ್ಚು ಸಾಹಸ ಬೇಡವೇ ಬೇಡ). ಹಿಂದಿನ ಕಡೆಯಿಂದ ಗುಂಡು ಹಾಕಿ, ನೆಟ್ಟಗೆ ಹಿಡಿಯಿರಿ. ತಾನಾಗಿ ಜಾರಿ ಬಿದ್ದರೆ ಬ್ಯಾರೆಲ್ ಸಡಿಲ. ಕೆನ್ನೆ ಉಬ್ಬಿಸಿ ಊದಬೇಕಾದರೆ ಬಿಗಿ. ಗುಂಡು ಒಳಗೆ ನಿಲ್ಲಬೇಕು, ಅಜ್ಜಿ ಊದುಗೊಳವೆಯಲ್ಲಿ ಒಲೆ ಊದಿದ ಹಾಗೆ ಒಂದೇ ‘ಉಫ್’ಗೆ ಹೊರಗೆ ಬರಬೇಕು. ಒಂದೇ ಗುಂಡು ನಂಬಬೇಡಿ, ಐದಾರು ಊದಿ. ಎಂಜಲು ತಾಗಿದ ಗುಂಡು ಅಂಟಂಟಾಗುತ್ತದೆ, ಅದನ್ನು ಎಸೆಯಿರಿ. ನಾನೊಮ್ಮೆ ಜಿಪುಣತನ ಮಾಡಿ ಹಾಪರ್‌ಗೆ (ಮಾರ್ಕರ್ ಮೇಲಿನ ಗುಂಡಿನ ಡಬ್ಬಿಗೆ) ವಾಪಸ್ ಹಾಕಿದ್ದೆ. ಒಳಗೇ ಒಡೆದು, ಅರ್ಧ ಆಟ ಬ್ಯಾರೆಲ್ ಒರೆಸುವ ಸ್ಕ್ವೀಜಿ ಎಳೆಯುವುದರಲ್ಲೇ ಹೋಯಿತು.

ಹಾಗಾಗಿ ಮೂರನೇ ಸಲ ಬ್ಯಾರೆಲ್ ಬದಲು ಕಿಟ್ ಕೊಂಡೆ. ಫ್ರೀಕ್ ಅಂತ ಹೆಸರು. ಹಿಂಭಾಗ ಒಂದು, ಮುಂಭಾಗ ಒಂದು. ಹಿಂಭಾಗದೊಳಗೆ ತೂರಿಸಲು 0.679ರಿಂದ 0.695ರವರೆಗೆ ಬೇರೆ ಬೇರೆ ಅಗಲದ ತೆಳು ಕೊಳವೆಗಳು. 98ರ ಥ್ರೆಡ್‌ನ ಹಿಂಭಾಗ ಬೇಕು ಅಂತ ಈ ಸಲ ಎರಡೆರಡು ಸಲ ಕೇಳಿದೆ. ಒಟ್ಟು ಉದ್ದ 12 ಇಂಚು ಮಾತ್ರ. ಅಷ್ಟು ಖರ್ಚು ಬೇಡ ಅನ್ನುವವರು, ತಮ್ಮ ಮೈದಾನದಲ್ಲಿ ಮಾರುವ ಗುಂಡಿಗೆ ಹೊಂದುವ ಒಂದೇ ತುಂಡಿನ ಬ್ಯಾರೆಲ್ ಕೊಂಡರೂ ನಡೆಯುತ್ತದೆ. ನೀವು ಆಡುವ ಕಡೆ ಅಲ್ಲಿನ ಗುಂಡೇ ಕೊಳ್ಳಬೇಕು ಅನ್ನುವ ನಿಯಮ ಇದ್ದರಂತೂ ಕಿಟ್ ಬೇಕೇ ಆಗಲ್ಲ.

ಕಿಟ್ ಬಂದ ಮೇಲೆ ಒಂದು ಬೆಳಗ್ಗೆ ಪರೀಕ್ಷೆ ಮಾಡಿದೆ. ಒತ್ತಿದ ಗಾಳಿಯ ಟ್ಯಾಂಕೇ ಬಳಸಿದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಒತ್ತಡ ಚಳಿ ಬಂದರೆ ಇಳಿಯುತ್ತದೆ, ಆಗ ತಪ್ಪು ಬ್ಯಾರೆಲಿನದೋ ಸಿಲಿಂಡರಿನದೋ ಗೊತ್ತಾಗಲ್ಲ. ಸಡಿಲ ಕೊಳವೆಯಲ್ಲಿ ಹತ್ತು ಗುಂಡಿನ ವೇಗ 262ರಿಂದ 284ರವರೆಗೆ ಕುಣಿಯಿತು. ಸರಿಯಾದ ಕೊಳವೆ ಹಾಕಿದಾಗ 288ರಿಂದ 296. ಇಲ್ಲೊಂದು ಎಚ್ಚರಿಕೆ. ಸ್ಕ್ರೂ ಮುಟ್ಟದೆಯೇ ವೇಗ ಏರಿತ್ತು, ಅಲ್ವಾ? ನಮ್ಮ ಮೈದಾನದ ಮಿತಿ 285, ಬೇರೆ ಕಡೆ 300 ಇರುವುದೂ ಉಂಟು. ಬ್ಯಾರೆಲ್ ಬದಲಿಸಿದ ದಿನ ಕ್ರೋನೋಗೆ ಹೋಗದೆ ಆಟಕ್ಕಿಳಿದರೆ ಎದುರಿನವರ ಮೈಮೇಲೆ ಬಾಸುಂಡೆ ಗ್ಯಾರಂಟಿ.

ಗುರಿ? ಇಪ್ಪತ್ತೈದು ಗಜದಲ್ಲಿ ರಟ್ಟಿನ ಹಲಗೆ ನಿಲ್ಲಿಸಿ ಹೊಡೆದೆ. ಮೇಲೆ ಕೆಳಗೆ ಹರಡುವುದು ಕಡಿಮೆಯಾಯಿತು, ವೇಗ ಒಂದೇ ಸಮ ಆದದ್ದಕ್ಕೆ. ಎಡ ಬಲ ಹರಡುವುದು ಹೆಚ್ಚುಕಡಿಮೆ ಹಾಗೇ ಉಳಿಯಿತು. ಅದೇ ಬ್ಯಾರೆಲಿಗೆ ಹೊಸದಾಗಿ ಬಂದ ಒಳ್ಳೆಯ ಗುಂಡು ಹಾಕಿದೆ ನೋಡಿ, ಮೂರು ಬ್ಯಾರೆಲ್ ಕೊಡದ ಬದಲಾವಣೆ ಆ ಒಂದು ಚೀಲ ಕೊಟ್ಟಿತು. ಮೊದಲೇ ಯಾರಾದರೂ ಹೇಳಿದ್ದರೆ ಎರಡು ಬ್ಯಾರೆಲಿನ ದುಡ್ಡು ಉಳಿಯುತ್ತಿತ್ತು. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಈಗ ಗುಂಡಿನ ಚೀಲ ಕಾರಿನಲ್ಲಿ ಬಿಡುವುದಿಲ್ಲ, ಮನೆಯೊಳಗೇ ಇಡುತ್ತೇನೆ. ಏಪ್ರಿಲ್‌ನಲ್ಲಿ ಚಳಿಗೆ ಸಿಪ್ಪೆ ಗಟ್ಟಿಯಾಗಿ ಬಳೆಯ ಹಾಗೆ ಒಡೆಯುತ್ತದೆ, ಆಗ ಒಂದು ಅಳತೆ ಸಡಿಲ ಕೊಳವೆ. ಜುಲೈನಲ್ಲಿ ಊದಿ ನೋಡಿ ದೊಡ್ಡದು. ಸಣ್ಣ ಗುಂಡಿಗೆ ತೀರಾ ಅಗಲದ ಕೊಳವೆ ಮಾತ್ರ ಬೇಡ. ಗುಂಡು ತಡೆಯುವ ಲ್ಯಾಚ್ ಸವೆದಿದ್ದರೆ, ಮೂತಿ ಕೆಳಗೆ ಮಾಡಿದಾಗ ಗುಂಡು ಉರುಳಿಹೋಗುತ್ತದೆ, ನೀವು ಬರೀ ಗಾಳಿ ಹೊಡೆಯುತ್ತೀರಿ.

16 ಇಂಚಿನದು ಇನ್ನೂ ಗರಾಜಿನಲ್ಲಿದೆ. ಕೊಳ್ಳುವವರಿಲ್ಲ. ಹೋದ ಬೇಸಿಗೆಯಲ್ಲಿ ಹಿತ್ತಲಲ್ಲಿ ಜೋಳ ಸುಡುವಾಗ ಹೆಂಡತಿ ಅದನ್ನೇ ತಂದು ಕೆಂಡ ಊದಲು ನೋಡಿದಳು. ತುದಿಯ ತೂತುಗಳಲ್ಲಿ ಗಾಳಿ ಸೋರಿ ಅದಕ್ಕೂ ಬರಲಿಲ್ಲ.