ನಮ್ಮ ಸೀಮೆಯ ಕಾದಂಬರಿ, ಚರಿತ್ರೆಗಳ ಬಗ್ಗೆ ಓದುಗರು ಅಭಿಪ್ರಾಯ ಬರೆಯುವ ಬಗೆ

ಮಂಡ್ಯ, ಮೈಸೂರು ಸೀಮೆಯ ಕಾದಂಬರಿಯನ್ನೋ ಸ್ಥಳೀಯ ಚರಿತ್ರೆಯನ್ನೋ ಓದಿ ಮುಗಿಸಿದವರ ಅಭಿಪ್ರಾಯ ಹೆಚ್ಚಾಗಿ ‘ನಮ್ಮೂರಿನ ಕಥೆ, ಮನಸ್ಸಿಗೆ ಹತ್ತಿರವಾಯಿತು’ ಎಂಬ ಒಂದೇ ಸಾಲಿನಲ್ಲಿ ನಿಂತುಬಿಡುತ್ತದೆ. ಆ ಸಾಲಿನಲ್ಲಿ ಸುಳ್ಳೇನೂ ಇಲ್ಲವಾದರೂ, ಪುಸ್ತಕವನ್ನು ಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವ ಇನ್ನೊಬ್ಬ ಓದುಗನಿಗೆ ಅದರಿಂದ ಸಿಗುವುದು ಬಹಳ ಕಡಿಮೆ. ಪುಸ್ತಕ ಹೇಳಿದ್ದಕ್ಕೂ ನೆಲದ ಮೇಲೆ ಇರುವುದಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು ಊರು ಬಲ್ಲ ಓದುಗನೇ ಹೇಳಬೇಕು. ಬರೆಯಲು ಕೂರುವ ಮೊದಲು ಪುಸ್ತಕದ ಒಂದು ಸಂಗತಿಯನ್ನಾದರೂ ಸ್ವತಃ ಪರೀಕ್ಷಿಸಿ ನೋಡಬೇಕು.

ಮೊದಲ ಎರಡು ವಾಕ್ಯಗಳಲ್ಲಿ ನೀವು ಯಾರು, ಆ ಊರಿಗೂ ನಿಮಗೂ ಏನು ನಂಟು ಎಂಬುದನ್ನು ತಿಳಿಸಿ. ನಾಲೆಯ ಕೊನೆಯ ಭಾಗದಲ್ಲಿ ಗದ್ದೆಯಿದ್ದು ನೀರಿಗಾಗಿ ಕಾದವನ ಓದೂ ಮೈಸೂರಿನ ಅಗ್ರಹಾರದಲ್ಲಿ ಬೆಳೆದವಳ ಓದೂ ಒಂದೇ ಆಗಿರುವುದಿಲ್ಲ.

ಕಾದಂಬರಿಯಾದರೆ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ, ಸಾಧ್ಯವಾದರೆ ಮನೆಯ ಹಿರಿಯರ ಎದುರಿಗೇ ಓದಿ. ನಮ್ಮ ಕಡೆಯ ಮುದುಕಿಯೊಬ್ಬಳು ‘ಓಗಿ ಬತ್ತೀನಿ ಕಣವ್ವ’ ಎನ್ನಬೇಕಾದ ಜಾಗದಲ್ಲಿ ‘ಹೋಗಿ ಬರುತ್ತೇನೆ’ ಎಂದರೆ ಕೇಳುವವರ ಕಿವಿ ತಕ್ಷಣ ಹಿಡಿಯುತ್ತದೆ. ಆಮೇಲೆ ಕೆಲಸದ ವಿವರಗಳನ್ನು ನೋಡಿ. ಆಲೆಮನೆಯ ದೃಶ್ಯ ಬಂದಿತೆನ್ನಿ: ರಸ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯನ್ನು, ಅಂದರೆ ರಚ್ಚನ್ನು, ಒಲೆಗೆ ನೂಕುವ ಕೈ, ಕೊಪ್ಪರಿಗೆಯ ಮೇಲಿನ ಕಸರನ್ನು ತೆಗೆಯುವ ಕೈ, ಪಾಕ ಹದಕ್ಕೆ ಬಂದಿತೇ ಎಂದು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವ ಕೈ ಅಲ್ಲಿವೆಯೇ, ಅಥವಾ ಬೆಲ್ಲದ ಘಮದ ವರ್ಣನೆಯಷ್ಟೇ ಇದೆಯೇ? ಕಾಲವನ್ನೂ ಗಮನಿಸಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಇಂದು ವಿಶ್ವೇಶ್ವರಯ್ಯ ನಾಲೆ ಎನ್ನುವ ಇರ್ವಿನ್ ನಾಲೆಯ ನೀರು ಮಂಡ್ಯದ ಹೊಲಗಳಿಗೆ ಹರಿದದ್ದು, ಸಕ್ಕರೆ ಕಾರ್ಖಾನೆ ಬಂದದ್ದು 1930ರ ದಶಕದಲ್ಲಿ. 1900ರಲ್ಲಿ ನಡೆಯುವ ಕಥೆಯೊಂದು ಮಂಡ್ಯದ ಸುತ್ತ ನಾಲೆಯ ನೀರಿನ ಕಬ್ಬಿನ ಗದ್ದೆಗಳನ್ನು ತೋರಿಸಿದರೆ, ಅದನ್ನು ಪುಟಸಂಖ್ಯೆಯ ಸಮೇತ ದಾಖಲಿಸುವುದು ನ್ಯಾಯ.

ಹಾಗೆಂದು ಕಲ್ಪಿತ ಊರನ್ನು ತಪ್ಪೆಂದು ಎಣಿಸಬಾರದು. ಅಮೆರಿಕದ ದಕ್ಷಿಣ ಸೀಮೆಯ ಕಥೆಗಾರ ವಿಲಿಯಂ ಫಾಕ್ನರ್ ಮಿಸಿಸಿಪ್ಪಿ ರಾಜ್ಯದ ಲಾಫಯೆಟ್ ಕೌಂಟಿಯನ್ನು ಕಣ್ಣ ಮುಂದಿಟ್ಟುಕೊಂಡು ಯೋಕ್ನಪಟಾಫ ಎಂಬ ಇಲ್ಲದ ಕೌಂಟಿಯನ್ನೇ ಕಟ್ಟಿ, ತನ್ನ ಬಹುಪಾಲು ಕಾದಂಬರಿಗಳನ್ನು ಅಲ್ಲಿ ನಡೆಸಿದ. ಊರಿನ ಹೆಸರು ಕಲ್ಪಿತವಾಗಿದ್ದರೂ ಅಲ್ಲಿನ ಜಾತಿ, ಜಮೀನು, ಸಾಲಗಳ ಸಂಬಂಧ ನಿಜವಾಗಿದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಚರಿತ್ರೆಯ ಪುಸ್ತಕಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಿಂದೊಮ್ಮೆ ಹಳೆಯ ಶಾಸನ ಸಂಪುಟವೊಂದರಲ್ಲಿ ಮಂಡ್ಯ ಜಿಲ್ಲೆಯ ಹೆಸರೇ ಕಾಣದೆ, ನಮ್ಮ ಊರುಗಳನ್ನು ಬಿಟ್ಟಿದ್ದಾರೆ ಎಂದು ನಾನು ಬರೆದುಬಿಟ್ಟಿದ್ದೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ, ಅದಕ್ಕೂ ಮೊದಲೇ ಬಂದ ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಮಂಡ್ಯ, ಮಳವಳ್ಳಿಗಳ ಶಾಸನಗಳೆಲ್ಲ ಮೈಸೂರು ಜಿಲ್ಲೆಯ ಸಂಪುಟಗಳಲ್ಲಿಯೇ ಇವೆ. ಒಬ್ಬ ಲೇಖಕನ ಶ್ರಮಕ್ಕೆ ಅನ್ಯಾಯ ಮಾಡಿದ ಆ ಮಾತನ್ನು ತಿದ್ದಿ ಮತ್ತೆ ಬರೆದೆ. ಇದು ನಿಮಗೆ ಆಗದಿರಲಿ.

ಪರೀಕ್ಷೆಗೆ ಒಂದು ಕಲ್ಲನ್ನೇ ತೆಗೆದುಕೊಳ್ಳಿ. ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ದೊರೆತ ಕ್ರಿ.ಶ. 949–50ರ ಶಾಸನವು, ಗಂಗರ ದೊರೆ ಬೂತುಗನಿಂದ ಅವನ ಕಡೆಯ ವೀರ ಮಣಲೇರನು ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತುದನ್ನು ಹೇಳುತ್ತದೆ. ಕಲ್ಲಿನ ಮೇಲೆ ಆ ಕಾಳಗವನ್ನು ಕೆತ್ತಿದ್ದಾರೆ, ನಾಯಿಯ ನೆನಪಿಗೆ ಭೂಮಿಯನ್ನೂ ಬಿಟ್ಟಿದ್ದಾರೆ. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ಸುದ್ದಿಯೂ ಇದೆ. ಈ ಶಾಸನವನ್ನು ಬಳಸುವ ಪುಸ್ತಕ ಕಲ್ಲಿನ ಮೇಲಿನ ಬರಹವನ್ನು ಇದ್ದಂತೆಯೇ ಕೊಟ್ಟಿದೆಯೇ, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ ಎಂದು ತಿಳಿಸಿದೆಯೇ, ಅಥವಾ ನಾಯಿಯ ನಿಷ್ಠೆಯನ್ನು ಹೊಗಳಿ ಮುಂದೆ ಹೋಗಿದೆಯೇ? ಮೂರರಲ್ಲಿ ಯಾವುದೆಂದು ಹೇಳಿದರೆ ಓದುಗನಿಗೆ ಪುಸ್ತಕದ ಗುಣ ತಾನಾಗಿಯೇ ತಿಳಿಯುತ್ತದೆ.

ಶ್ರೀರಂಗಪಟ್ಟಣದ ವಿಷಯ ಬಂದಾಗ ಆಧಾರ ಯಾರದು ಎಂದು ಕೇಳದೆ ಬರೆಯಬೇಡಿ. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಇಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಪಾರಸಿಯಲ್ಲಿ ಬರೆದ ಕಿರ್ಮಾನಿ ಹೈದರ್, ಟಿಪ್ಪುಗಳ ಕಡೆಯವನು. ಟಿಪ್ಪು ಸತ್ತು ಶ್ರೀರಂಗಪಟ್ಟಣ ಬಿದ್ದ 1799ರ ಮೇ 4ರ ದಿನವನ್ನು ಒಬ್ಬನ ಕಣ್ಣಿನಿಂದಲೇ ಕಂಡ ಪುಸ್ತಕ ಓದಲು ಚೆನ್ನಾಗಿರಬಹುದು, ಆದರೂ ಇನ್ನೊಬ್ಬನ ಮಾತು ಅದರಲ್ಲಿಲ್ಲ ಎಂಬುದನ್ನು ನಿಮ್ಮ ಅಭಿಪ್ರಾಯದಲ್ಲಿ ಸ್ಪಷ್ಟವಾಗಿ ಸೇರಿಸಿ. ಕೊನೆಗೆ ಯಾವ ಮುದ್ರಣವನ್ನು ಓದಿದಿರಿ ಎಂದು ನಮೂದಿಸಿ; ನೀವು ತೋರಿಸಿದ ತಪ್ಪು ಮುಂದಿನ ಮುದ್ರಣದಲ್ಲಿ ತಿದ್ದಿ ಬಂದಿರಲೂಬಹುದು.